ಡ್ಯಾಂಪೀರ್ ತಗೊಳ್ಳಿ, ಆದರೆ ಕಚ್ಚುವುದಕ್ಕಲ್ಲ

ಮಂಡ್ಯದ ಗೆಳೆಯರ ಜೊತೆ ಆಡುತ್ತಿರುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ ಪಾತ್ರ ವಹಿಸುವ ಕಥೆಯಾಟ) 5ನೇ ಆವೃತ್ತಿಯಲ್ಲಿ, 3ನೇ ಲೆವೆಲ್ ರೋಗ್‌ಗೆ (ಕದ್ದುಮುಚ್ಚಿ ಹೊಡೆಯುವ ಪಾತ್ರ) ಯಾವ ಕುಲ, ಡ್ಯಾಂಪೀರ್ (ಅರ್ಧ ರಕ್ತಪಿಶಾಚಿ) ಸರಿಯಾ, ರೀಬಾರ್ನ್ (ಸತ್ತು ಮತ್ತೆ ಎದ್ದವರು) ಸರಿಯಾ ಅಂತ ಕೇಳಿದ್ದೀರಿ. ನನ್ನ ಓಟು ಡ್ಯಾಂಪೀರ್‌ಗೆ.

ಹಲ್ಲು ನೋಡಿ ಮಾತ್ರ ಮರುಳಾಗಬೇಡಿ. ಕಚ್ಚಿದರೆ ಬರುವುದು ಬರೀ 1ಡಿ4 (ನಾಲ್ಕು ಮುಖದ ಒಂದು ದಾಳದಷ್ಟು) ಏಟು, ಅದೂ ಕಾನ್‌ಸ್ಟಿಟ್ಯೂಷನ್ (ಮೈಗಟ್ಟಿತನ) ಲೆಕ್ಕದಲ್ಲಿ. ಫಿನೆಸ್ (ಚುರುಕಾಗಿ ಬೀಸುವ) ಆಯುಧ ಅಲ್ಲದ ಕಾರಣ ಸ್ನೀಕ್ ಅಟ್ಯಾಕ್, ಅಂದರೆ ರೋಗ್‌ನ ಹೆಚ್ಚುವರಿ ಏಟು, ಸೇರುವುದಿಲ್ಲ. ಅಸಲಿ ಮಜಾ ಇರುವುದು ಗೋಡೆ ಹತ್ತುವುದರಲ್ಲಿ. 3ನೇ ಲೆವೆಲ್‌ನಿಂದ ಚಾವಣಿಯಲ್ಲೂ ತಲೆಕೆಳಗಾಗಿ ನಡೆಯಬಹುದು, ಎರಡೂ ಕೈ ಖಾಲಿ! ಮೈಸೂರಿನ ನಮ್ಮ ಟೇಬಲ್‌ನಲ್ಲಿ ಒಬ್ಬಳು ಹಲ್ಲಿ ಥರ ತೊಲೆಗೆ ಅಂಟಿಕೊಂಡು, ಕಾವಲುಗಾರನ ನೆತ್ತಿಗೇ ಶಾರ್ಟ್‌ಬೋ ಬಾಣ ಬಿಟ್ಟಳು. ಪಕ್ಕದವನು ಲೊಚ್ ಲೊಚ್ ಅಂತ ಶಕುನ ಬೇರೆ ನುಡಿದ. ಆಟ ನಡೆಸುವ ಡಿಎಂ ಸುಮ್ನೆ ಮ್ಯಾಪ್ ನೋಡುತ್ತಾ ಕೂತರು.

ರೀಬಾರ್ನ್ ಕೆಟ್ಟದ್ದೇನಲ್ಲ. ಸಾಯುವ ಹೊತ್ತಲ್ಲಿ ಉಳಿಯಲು ಉರುಳಿಸುವ ಡೆತ್ ಸೇವ್‌ಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನು ತಗೊಳ್ಳುವುದು) ಇದೆ, ವಿಷದ ಏಟು ಅರ್ಧಕ್ಕೆ ಇಳಿಯುತ್ತದೆ, ಊಟ, ಉಸಿರು ಬೇಡ. ಆದರೆ ಅದರ ಲಾಭ ಜಾಸ್ತಿ ಆಗುವುದು ಮುಂದೆ ನಿಂತು ಏಟು ತಿನ್ನುವವರಿಗೆ. ರೋಗ್ ಹೊಡೆದು ಓಡಿಹೋಗಬೇಕು, ಅಲ್ವಾ?

ಎದುರಿನವರನ್ನು ಹೆದರಿಸುವುದೇ ಆಸೆಯಾದರೆ ರೋಗ್ ಬಿಟ್ಟು ಅನ್‌ಡೆಡ್ ವಾರ್ಲಾಕ್ (ಸಾವು ಮೀರಿದ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡ ಮಾಂತ್ರಿಕ) ನೋಡಿ. ಇವೆಲ್ಲ 2021ರ ರೇವನ್‌ಲಾಫ್ಟ್ ಪುಸ್ತಕದವು, ಡಿಎಂ ಒಪ್ಪಿಗೆ ಮೊದಲೇ ಕೇಳಿಕೊಳ್ಳಿ. ಹಾಂ, ಡ್ಯಾಂಪೀರ್‌ಗೆ ರಕ್ತದ ಹಸಿವೇ ಇರಬೇಕಂತಿಲ್ಲ. ಕನಸು ತಿನ್ನುವ ಆಯ್ಕೆಯೂ ಇದೆ, ನನಗೆ ಅದೇ ಜಾಸ್ತಿ ಭಯ.