ಪ್ರತಿಕ್ರಿಯೆ: ಫಾಯಿಲ್ ದಪ್ಪವಾದರೂ ಚಾರ್ಜ್ ಏಕೆ ಏರುತ್ತಿಲ್ಲ?

ಬಳ್ಳಾರಿಯಿಂದ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಾ ಕೇಳಿದ್ದೀರಿ: ವೇಗದ ಅಯಾನು (ಚಾರ್ಜ್ ಇರುವ ಪರಮಾಣು) ತೂರಿಹೋಗುವ ಕಾರ್ಬನ್ ಫಾಯಿಲ್‌ನ, ಅಂದರೆ ತೆಳು ಹಾಳೆಯ, ದಪ್ಪ ಹೆಚ್ಚಿಸಿದರೂ ಅಯಾನಿನ ಸರಾಸರಿ ಚಾರ್ಜ್ ಒಂದು ಕಡೆ ನಿಂತುಬಿಡುತ್ತದೆ, ಲೆಕ್ಕ ಹಾಕುವ ಕೋಡ್ ತಪ್ಪಾ ಅಂತ. ತಪ್ಪಲ್ಲ, ಅದು ನಿಲ್ಲಲೇಬೇಕು. ಅಯಾನು ಎಲೆಕ್ಟ್ರಾನ್ ಕಳೆದುಕೊಳ್ಳುತ್ತಲೇ ಫಾಯಿಲ್‌ನಿಂದ ಹಿಡಿದುಕೊಳ್ಳುತ್ತಲೂ ಇರುತ್ತದೆ. ಹೊಸಪೇಟೆ ಬಸ್ಸಿನಲ್ಲಿ ಹತ್ತುವವರೂ ಇಳಿಯುವವರೂ ಸಮವಾದ ಹಾಗೆ.

ಸರಾಸರಿ ಒಂದನ್ನೇ ನೆಚ್ಚಬೇಡಿ. ಪ್ರತಿ ಚಾರ್ಜ್‌ಗೂ ಒಂದು ದರ ಸಮೀಕರಣ (ಆ ಚಾರ್ಜ್ ಇರುವ ಅಯಾನುಗಳ ಪಾಲು ಫಾಯಿಲ್ ಒಳಗೆ ಹೇಗೆ ಬದಲಾಗುತ್ತದೆ ಅನ್ನುವ ಲೆಕ್ಕ) ಬರೆದು ಎಲ್ಲವನ್ನೂ ಒಟ್ಟಿಗೆ ಬಿಡಿಸಿ. ಪಾಲುಗಳ ಮೊತ್ತ ಪ್ರತಿ ಹೆಜ್ಜೆಯಲ್ಲೂ 1 ಇದೆಯಾ ನೋಡಿ. ಫಾಯಿಲ್ ತುಂಬಾ ದಪ್ಪವಾದರೆ ಅಯಾನಿನ ವೇಗ ಕುಗ್ಗುತ್ತದೆ, ಆಗ ಚಾರ್ಜ್ ಇಳಿಯಲೂಬಹುದು, ಅಲ್ವಾ?

ಇನ್ನೊಂದು ಮುಖ್ಯ ಮಾತು. ಎಲೆಕ್ಟ್ರಾನ್ ಕಳೆದುಕೊಳ್ಳುವ, ಹಿಡಿಯುವ ಸಾಧ್ಯತೆಗೆ ಅನಿಲದಲ್ಲಿ ಅಳೆದ ಅಂಕಿಗಳನ್ನು ಸುಮ್ನೆ ಫಾಯಿಲ್‌ಗೆ ಹಾಕಬೇಡಿ. ಘನವಸ್ತುವಿನಲ್ಲಿ ಡಿಕ್ಕಿಗಳ ನಡುವೆ ಸಮಯ ಕಮ್ಮಿ, ಉದ್ರೇಕಗೊಂಡ ಎಲೆಕ್ಟ್ರಾನ್ ಕೆಳಗಿಳಿಯುವ ಮೊದಲೇ ಕಳಚಿಹೋಗುತ್ತದೆ. ಅದಕ್ಕೇ ಅಲ್ಲಿ ಚಾರ್ಜ್ ಜಾಸ್ತಿ.