ಸ್ಲೀಪಿಂಗ್ ಬ್ಯಾಗಿನ ಮೇಲೆ ಹೊದಿಸಲು ಹಗುರವಾದ ಜಲನಿರೋಧಕ ಕವರ್ ಯಾವುದು?

ಗರಿ ತುಂಬಿದ ಸ್ಲೀಪಿಂಗ್ ಬ್ಯಾಗು ಮಳೆಗೆ ನೆನೆಯಬಾರದು, ಹೊರೆಯೂ ಹೆಚ್ಚಬಾರದು, ಅಂಥ ಕವರ್ ಯಾವುದೆಂದು ಕೇಳಿದ್ದೀರಿ. ಯಾವುದೂ ಬೇಡ ಎಂಬುದು ನನ್ನ ಉತ್ತರ. ಹಿಂದೊಮ್ಮೆ ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು. ನಾನೇ ಕಂಡುಕೊಂಡ ಪರಿಹಾರದಿಂದಾಗಿ ಎರಡು ರಾತ್ರಿ ನಡುಗುತ್ತ ಕಳೆದೆ.

ಅದು ನಾಲ್ಕು ದಿನಗಳ ಚಾರಣ. ತೂಕ ಉಳಿಸಲು ಟೆಂಟ್ ಬಿಟ್ಟು ಒಂದು ಟಾರ್ಪಾಲಿನ್ ಮಾತ್ರ ಹಿಡಿದುಕೊಂಡಿದ್ದೆ. ಅದರಡಿಯಲ್ಲಿ ಎರಚಲು ಹೊಡೆದರೆ ಗತಿಯೇನೆಂದು ಹೆದರಿ, ತೆಳುವಾದ ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ಟೇಪಿನಿಂದ ಅಂಟಿಸಿ, ಸ್ಲೀಪಿಂಗ್ ಬ್ಯಾಗಿಗೆ ಹೊರಚೀಲವೊಂದನ್ನು ಮಾಡಿಕೊಂಡೆ. ಮೊದಲ ರಾತ್ರಿ ತೊರೆಯ ಪಕ್ಕದ ಸಮತಟ್ಟಾದ ಹುಲ್ಲಿನ ಮೇಲೆ, ನಿರ್ಮಲವಾದ ಆಕಾಶದಡಿ ಮಲಗಿದೆ. ಒಂದು ಹನಿ ಮಳೆಯೂ ಬೀಳಲಿಲ್ಲ. ಆದರೂ ಬೆಳಿಗ್ಗೆ ಬ್ಯಾಗಿನ ಹೊರಮೈ ತೊಯ್ದು, ಹೊಲಿಗೆಯ ಅಂಕಣಗಳೊಳಗೆ ಗರಿ ಅಡಿಕೆ ಗಾತ್ರದ ಉಂಡೆಗಳಾಗಿ ಮೂಲೆ ಸೇರಿತ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ನನ್ನ ಬೆರಳುಗಳ ನೆರಳು ಕಾಣುತ್ತಿತ್ತು. ಪ್ಲಾಸ್ಟಿಕ್ಕಿನಲ್ಲಿ ತೂತು ಇರಲೇಬೇಕೆಂದು ಅರ್ಧ ಗಂಟೆ ಹುಡುಕಿದೆ, ಸಿಗಲಿಲ್ಲ. ನೆಲದ ತೇವವೇ ಬಾಯಿಯ ಕಡೆಯಿಂದ ಒಳಗೆ ಬಂದಿರಬೇಕೆಂದು ತೀರ್ಮಾನಿಸಿ, ಎರಡನೆಯ ರಾತ್ರಿ ಮೂಗಿಗಷ್ಟೇ ಕಿಂಡಿ ಬಿಟ್ಟು ಚೀಲದ ಬಾಯಿಯನ್ನು ಇನ್ನೂ ಬಿಗಿಯಾಗಿ ಕಟ್ಟಿದೆ.

ನಾನು ಮಾಡಿದ ಆ ಒಂದು ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನೀರು ಹೊರಗಿನಿಂದ ಬರುತ್ತದೆಂದು ನಾನು ನಂಬಿದ್ದೆ. ಅದು ಬಂದದ್ದು ನನ್ನಿಂದಲೇ. ನಿದ್ದೆಯಲ್ಲಿಯೂ ಉಸಿರಿನಿಂದ ಮತ್ತು ಚರ್ಮದಿಂದ ಆವಿ ಹೊರಬೀಳುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಅದು ಒಂದೆರಡು ಲೋಟ ನೀರಿಗೆ ಸಮನಾಗುತ್ತದೆ. ಮೈಯ ಪಕ್ಕದ ಗರಿ ಬೆಚ್ಚಗಿರುವುದರಿಂದ ಆವಿ ಅಲ್ಲಿ ನಿಲ್ಲದೆ ಹೊರಕ್ಕೆ ಸರಿಯುತ್ತದೆ. ಹೊರ ಅಂಚಿನಲ್ಲಿ ಅದಕ್ಕೆ ಎದುರಾಗುವುದು ರಾತ್ರಿಯ ಗಾಳಿಯಷ್ಟೇ ತಣ್ಣಗಿರುವ ಪ್ಲಾಸ್ಟಿಕ್. ಕುದಿಯುವ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ. ಆವಿ ಹನಿಗಟ್ಟಿ, ಹೋಗಲು ದಾರಿಯಿಲ್ಲದೆ ಮರಳಿ ಗರಿಗೇ ಇಳಿಯುತ್ತದೆ. ಗರಿಯ ಬೆಚ್ಚನೆಯ ಗುಣವಿರುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿ. ಎಳೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿದರೆ ಆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಮೊದಲ ರಾತ್ರಿಯ ತೇವವನ್ನು ಒಣಗಿಸದೆ ಸುತ್ತಿಟ್ಟು, ಎರಡನೆಯ ರಾತ್ರಿ ಮುಚ್ಚಳವನ್ನು ಇನ್ನಷ್ಟು ಭದ್ರಪಡಿಸಿದ್ದು ನಾನೇ.

ಆವಿಯನ್ನು ಹೊರಬಿಡುವ ವಿಶೇಷ ಬಟ್ಟೆಯ ಕವರ್‌ಗಳಿವೆಯಲ್ಲ ಎಂದು ನೀವು ಹೇಳಬಹುದು. ಅವು ಪ್ಲಾಸ್ಟಿಕ್ಕಿಗಿಂತ ಮೇಲು, ನಿಜ. ಆದರೆ ಚಳಿ ಹೆಚ್ಚಿದ ರಾತ್ರಿ ಅವುಗಳ ಒಳಮೈಯಲ್ಲಿಯೂ ನೀರು ಕಟ್ಟುತ್ತದೆ. ಯಾವ ಸೂರೂ ಇಲ್ಲದೆ ಹಿಮದ ಮೇಲೆ ಮಲಗುವವರ ಅಗತ್ಯ ಬೇರೆ, ಅದು ನಿಮ್ಮ ಪ್ರಶ್ನೆಯಲ್ಲ.

ಮಳೆಗೆ ತಲೆಯ ಮೇಲೆ ಟಾರ್ಪಾಲಿನ್ ಸಾಕು. ಗಾಳಿ ಬರುವ ಕಡೆಯ ಅಂಚನ್ನು ನೆಲಕ್ಕೆ ತಗ್ಗಿಸಿ, ಎರಡೂ ತುದಿಗಳನ್ನು ತೆರೆದಿಡಿ. ಟೆಂಟಾದರೆ ಎಷ್ಟೇ ಚಳಿಯಿದ್ದರೂ ಗಾಳಿಕಿಂಡಿ ಮುಚ್ಚಬೇಡಿ. ಮೂಗು ಬಾಯಿ ಬ್ಯಾಗಿನ ಹೊರಗೇ ಇರಲಿ, ತಲೆಗೆ ಉಣ್ಣೆಯ ಟೋಪಿ ಹಾಕಿಕೊಳ್ಳಿ. ಒದ್ದೆ ಕಾಲುಚೀಲವನ್ನು ಮೈಶಾಖದಿಂದ ಒಣಗಿಸುವ ಆಸೆಗೆ ಬ್ಯಾಗಿನೊಳಗೆ ಸೇರಿಸಿಕೊಂಡರೆ ಅದರ ನೀರೂ ಗರಿಗೇ ಹೋಗುತ್ತದೆ.

ಮಲಗಲು ಒಳ್ಳೆಯ ಜಾಗ ಆರಿಸಿಕೊಂಡರೆ ಹೊರೆಯೇನೂ ಹೆಚ್ಚುವುದಿಲ್ಲ, ಆದರೂ ಜನ ಅದನ್ನು ಕೊನೆಗೆ ಯೋಚಿಸುತ್ತಾರೆ. ತಂಪು ಗಾಳಿ ಭಾರವಾದ್ದರಿಂದ ರಾತ್ರಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತೊರೆಯ ದಂಡೆಯ ತೇವವೂ ಅದಕ್ಕೆ ಕೂಡುತ್ತದೆ. ಬಯಲಿನ ಹುಲ್ಲು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣಿಯುವುದರಿಂದ ಇಬ್ಬನಿ ಅಲ್ಲಿಯೇ ಹೆಚ್ಚು. ಇಳಿಜಾರಿನಲ್ಲಿ ಸ್ವಲ್ಪ ಮೇಲೆ ಹೋಗಿ, ಒಣಕೊಂಬೆ ತೂಗಾಡದ ಮರಗಳ ಕೆಳಗೆ ಮಲಗಿದರೆ ಬೆಳಿಗ್ಗೆ ಬಟ್ಟೆಗಳು ಒಣಗಿಯೇ ಇರುತ್ತವೆ.

ಇನ್ನು, ಬ್ಯಾಗು ಮಳೆಗೆ ನೆನೆಯುವ ಅಪಾಯ ಹೆಚ್ಚಾಗಿರುವುದು ಹಗಲಿನಲ್ಲಿ, ನಿಮ್ಮ ಬೆನ್ನಿನ ಮೇಲೆ. ಬೆನ್ನುಚೀಲದೊಳಗೆ ದಪ್ಪ ಪಾಲಿಥೀನ್ ಚೀಲವಿಟ್ಟು, ಸ್ಲೀಪಿಂಗ್ ಬ್ಯಾಗನ್ನೂ ಮಲಗುವಾಗ ಮಾತ್ರ ತೊಡುವ ಒಂದು ಜೊತೆ ಬಟ್ಟೆಯನ್ನೂ ಅದರಲ್ಲಿ ತುಂಬಿ ಬಾಯಿ ತಿರುಚಿ. ಮಧ್ಯಾಹ್ನ ಬಿಸಿಲು ಬಿದ್ದರೆ, ಊಟಕ್ಕೆ ಕೂತಾಗ ಬ್ಯಾಗನ್ನು ಒಳಹೊರಗು ಮಾಡಿ ಬಂಡೆಯ ಮೇಲೆ ಹರಡಿ.

ಕವರ್‌ಗೆ ಇಟ್ಟುಕೊಂಡ ತೂಕವನ್ನು ಇನ್ನೊಂದು ಫೋಮ್ ಮ್ಯಾಟಿಗೆ ಕೊಡಿ. ಮೈಭಾರಕ್ಕೆ ಕೆಳಗಿನ ಗರಿ ಚಪ್ಪಟೆಯಾಗುವುದರಿಂದ ನೆಲದ ಥಂಡಿಯನ್ನು ತಡೆಯುವ ಕೆಲಸ ಮ್ಯಾಟಿನದೇ. ಮ್ಯಾಟು ಶಾಖವನ್ನು ಎಷ್ಟು ತಡೆಹಿಡಿಯುತ್ತದೆಂಬುದರ ಅಳತೆಯಾದ ಆರ್-ಮೌಲ್ಯವನ್ನು ಕೂಡಿಸಬಹುದು: 3ರ ಗಾಳಿಮ್ಯಾಟಿನ ಜೊತೆ 2ರ ಫೋಮ್ ಮ್ಯಾಟ್ ಹಾಸಿದರೆ 5 ಆಗುತ್ತದೆ. ನನ್ನ ಆ ಪ್ಲಾಸ್ಟಿಕ್ ಹಾಳೆಯೂ ಈಗ ಅವೆರಡರ ಕೆಳಗೇ ಇರುತ್ತದೆ.