ಎದೆಬಡಿತದ ಕೋಟಾ ಬೇಡ, ಪಾರಿವಾಳವನ್ನು ನೋಡಿ

ನಮಸ್ಕಾರ.

ನೀವು ಕಳಿಸಿದ ‘ಯಾರಿಗೆ ಎಷ್ಟು ಆಯಸ್ಸು?’ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಗ್ರೀನ್‌ಲ್ಯಾಂಡ್ ಶಾರ್ಕಿನ ಪ್ಯಾರಾ ಚೆನ್ನಾಗಿ ಬಂದಿದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಎರಡು ವಾಕ್ಯಗಳು ನನಗೆ ನಿಜಕ್ಕೂ ಸಿಟ್ಟು ತರಿಸಿದವು. ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ಎರಡನೇ ಪ್ಯಾರಾದಲ್ಲಿದೆ: “ಪ್ರತಿ ಪ್ರಾಣಿಗೂ ನೂರು ಕೋಟಿ ಎದೆಬಡಿತಗಳನ್ನು ಎಣಿಸಿ ಕೊಡಲಾಗಿದೆ; ಇಲಿ ಬೇಗ ಖರ್ಚು ಮಾಡುತ್ತದೆ, ಆನೆ ನಿಧಾನಕ್ಕೆ.”

“ಕೊಡಲಾಗಿದೆ” ಅಂದರೆ ಕೊಟ್ಟವರು ಯಾರು? ಅದಿರಲಿ, ಲೆಕ್ಕ ಹಾಕಿ ನೋಡಿದಿರಾ? ಮನೆಯ ಚಿಕ್ಕ ಇಲಿಯ ಎದೆ ನಿಮಿಷಕ್ಕೆ ಸುಮಾರು 600 ಸಲ ಬಡಿಯುತ್ತದೆ. 3 ವರ್ಷ ಬದುಕಿತು ಅಂದುಕೊಳ್ಳಿ, 95 ಕೋಟಿ ಹತ್ತಿರ ಬರುತ್ತದೆ. ಆನೆಗೆ ನಿಮಿಷಕ್ಕೆ 30, ಆಯಸ್ಸು 65 ವರ್ಷ: ನೂರು ಕೋಟಿ ಚಿಲ್ಲರೆ. ಇಲ್ಲಿವರೆಗೆ ಸರಿ. ಮನುಷ್ಯನಿಗೆ 70, ಆಯಸ್ಸು 75 ಅಂತಿಟ್ಟುಕೊಳ್ಳಿ. 275 ಕೋಟಿ ದಾಟುತ್ತದೆ! ಓದುಗರು ತಮ್ಮ ನಾಡಿ ಹಿಡಿದು ನೋಡಿದರೆ ಸಾಕು, ನಿಮ್ಮ ವಾಕ್ಯ ಬಿದ್ದುಹೋಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಬೇಸರವಾಗಿದ್ದು ಐದನೇ ಪ್ಯಾರಾದಲ್ಲಿ. ಅಲ್ಲಿ ನೀವೇ ಬರೆದಿದ್ದೀರಿ, ಸಾಕಿದ ಪಾರಿವಾಳ 30 ವರ್ಷ ದಾಟಿ ಬದುಕಬಲ್ಲದು, “ಅಚ್ಚರಿಯ ಸಂಗತಿ” ಅಂತ. ಹಾಗಂದು ಮುಂದೆ ಹೋಗಿಬಿಟ್ಟಿದ್ದೀರಿ. ಪ್ರಯೋಗಾಲಯದ ದೊಡ್ಡ ಬಿಳಿ ಇಲಿ ಮತ್ತು ಪಾರಿವಾಳ ಹೆಚ್ಚುಕಡಿಮೆ ಒಂದೇ ತೂಕದವು, ಮೈಯಲ್ಲಿ ಶಕ್ತಿ ಉರಿಯುವ ವೇಗವೂ ಹತ್ತಿರ ಹತ್ತಿರ. ಆದರೂ ಇಲಿ 4 ವರ್ಷ ಮುಟ್ಟುವುದೇ ಕಷ್ಟ. ನಿಮ್ಮ ಎರಡನೇ ಪ್ಯಾರಾವನ್ನು ಐದನೇ ಪ್ಯಾರಾ ಕೆಡವಿ ಹಾಕಿದೆ, ಬರೆದ ನಿಮಗೆ ಅದು ಕಾಣಿಸಿಲ್ಲ. ಬೇಗ ಉರಿದರೆ ಬೇಗ ಸಾವು ಎನ್ನುವುದು ಹಳೆಯ ವಾದ, 1928ರಲ್ಲಿ ಜೀವವಿಜ್ಞಾನಿ ರೇಮಂಡ್ ಪರ್ಲ್ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದರು. ಅದನ್ನು ಅಲ್ಲಾಡಿಸಿದ್ದು ಹಕ್ಕಿಗಳು ಮತ್ತು ಬಾವಲಿಗಳು. ಸೈಬೀರಿಯಾದಲ್ಲಿ ಉಂಗುರ ತೊಡಿಸಿ ಬಿಟ್ಟಿದ್ದ ಬ್ರಾಂಟ್ಸ್ ಜಾತಿಯ ಬಾವಲಿಯೊಂದು 41 ವರ್ಷದ ನಂತರ ಜೀವಂತವಾಗಿ ಮತ್ತೆ ಸಿಕ್ಕಿತು. ತೂಕ ಏಳೆಂಟು ಗ್ರಾಂ ಅಷ್ಟೇ. ಅದು ಚಳಿಗಾಲವೆಲ್ಲ ನಿದ್ದೆ ಮಾಡಿ ಎದೆಬಡಿತ ಉಳಿಸುತ್ತದೆ ಎಂದು ನೀವು ವಾದಿಸಬಹುದು, ಆದರೆ ಹಾಗೆ ನಿದ್ದೆ ಮಾಡದ ಬಿಸಿನಾಡಿನ ಬಾವಲಿಗಳು ಕೂಡ ತಮ್ಮ ಗಾತ್ರದ ಇಲಿಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಬದುಕುತ್ತವೆ.

ಎರಡನೇ ವಾಕ್ಯ: “ಹಳಬರು ಹೊಸಬರಿಗೆ ಜಾಗ ಬಿಡಲಿ ಎಂದು ಪ್ರಕೃತಿ ಮುಪ್ಪನ್ನು ಇಟ್ಟಿದೆ.”

ನಾನು ಕೆಲಸ ಕಲಿತ ಮಾಸಪತ್ರಿಕೆಯಲ್ಲಿ ಒಬ್ಬ ಹಿರಿಯರಿದ್ದರು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ ಅದು. ಮಸಿ ಆರದ ಗ್ಯಾಲಿ ಪ್ರೂಫ್ ಕೈಗೆ ಹತ್ತುತ್ತಿತ್ತು, ಪಕ್ಕದಲ್ಲಿ ಕಂಪೋಸಿಟರ್ ಕಾಯುತ್ತಾ ನಿಂತಿರುತ್ತಿದ್ದ. ಯಾವ ಲೇಖನದಲ್ಲಾದರೂ “ಪ್ರಕೃತಿ ಮಾಡಿತು”, “ಪ್ರಕೃತಿ ಬಯಸಿತು” ಎಂದು ಬಂದರೆ ಅವರು ‘ಪ್ರಕೃತಿ’ಗೆ ಕೆಂಪು ಸುತ್ತು ಹಾಕಿ, ಅಂಚಿನಲ್ಲಿ “ಹೇಗೆ?” ಎಂದು ಬರೆಯುತ್ತಿದ್ದರು. ಅಷ್ಟೇ. ಬೈಯುತ್ತಿರಲಿಲ್ಲ. ಆ “ಹೇಗೆ?”ಗೆ ಉತ್ತರ ಹುಡುಕಿ ತರುವುದು ನನ್ನ ಕೆಲಸವಾಗಿತ್ತು, ಉತ್ತರ ಸಿಗದಿದ್ದರೆ ವಾಕ್ಯವೇ ಹೋಗುತ್ತಿತ್ತು. ಜೀವವಿಜ್ಞಾನ ಓದುವುದನ್ನು ನನಗೆ ಕಲಿಸಿದ್ದು ಕಾಲೇಜಿಗಿಂತ ಜಾಸ್ತಿ ಆ ಕೆಂಪು ಶಾಯಿ.

ಈಗ ನಿಮ್ಮ ವಾಕ್ಯಕ್ಕೂ ಅದೇ ಪ್ರಶ್ನೆ. ಹೇಗೆ? ಜಾಗ ಬಿಟ್ಟುಕೊಟ್ಟು ಸಾಯುವ ಇಲಿಗಿಂತ, ಬಿಡದೆ ಇನ್ನೊಂದು ಸೂಲು ಮರಿ ಹಾಕುವ ಇಲಿಯ ಸಂತಾನವೇ ಅಲ್ವಾ ಹೆಚ್ಚುವುದು? ಇನ್ನೊಂದು ವಿಷಯ, ಹೊಲದ ಇಲಿಗಳಲ್ಲಿ ಬಹುಪಾಲು ಮುಪ್ಪನ್ನು ನೋಡುವುದೇ ಇಲ್ಲ. ಗೂಬೆ, ಹಾವು, ಬೆಕ್ಕು, ಚಳಿ, ಯಾವುದೋ ಒಂದು ಮೊದಲೇ ಮುಗಿಸಿರುತ್ತದೆ. 1950ರ ದಶಕದ ಆರಂಭದಲ್ಲಿ ಜೀವವಿಜ್ಞಾನಿ ಪೀಟರ್ ಮೆಡಾವರ್ ಹಿಡಿದ ಎಳೆ ಇದು. ಮೂರನೇ ವರ್ಷದಲ್ಲಿ ಕಾಟ ಕೊಡುವ ಕೆಟ್ಟ ಜೀನ್ ಇಲಿಯಲ್ಲಿದ್ದರೂ ಅದನ್ನು ಸೋಸಿ ತೆಗೆಯುವವರಿಲ್ಲ, ಏಕೆಂದರೆ ಆ ಹೊತ್ತಿಗೆ ಇಲಿ ಮರಿ ಹಾಕಿ ಸತ್ತಿರುತ್ತದೆ, ಜೀನ್ ಮರಿಗಳಿಗೆ ದಾಟಿರುತ್ತದೆ. ರೆಕ್ಕೆ, ಚಿಪ್ಪು, ಬಿಲ, ದೊಡ್ಡ ಮೈ ಇರುವವನ್ನು ಕೊಲ್ಲುವವರು ಕಡಿಮೆ. ಅವು ವಯಸ್ಸಾಗುವವರೆಗೂ ಉಳಿದು ಮರಿ ಹಾಕುತ್ತವೆ, ಆದ್ದರಿಂದ ತಡವಾಗಿ ಕಾಡುವ ದೋಷಗಳೂ ಅಲ್ಲಿ ಸೋಸಿಹೋಗುತ್ತವೆ.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಲು ಸಪೆಲೊ ದ್ವೀಪವಿದೆ, ಅಮೆರಿಕದ ಜಾರ್ಜಿಯಾ ಕರಾವಳಿಯ ಆಚೆ. ಅಲ್ಲಿನ ಒಪೊಸಮ್‌ಗಳು (ಹೊಟ್ಟೆಚೀಲದಲ್ಲಿ ಮರಿ ಸಾಕುವ, ಬೆಕ್ಕಿನ ಗಾತ್ರದ ಪ್ರಾಣಿಗಳು) ಕೆಲವು ಸಾವಿರ ವರ್ಷಗಳಿಂದ ದಡದ ಬಳಗದಿಂದ ಬೇರೆಯಾಗಿವೆ, ದಡದಲ್ಲಿ ಅವನ್ನು ಹಿಡಿದು ತಿನ್ನುವಂಥ ಪ್ರಾಣಿಗಳು ದ್ವೀಪದಲ್ಲಿಲ್ಲ. ಜೀವವಿಜ್ಞಾನಿ ಸ್ಟೀವನ್ ಆಸ್ಟಡ್ ಎರಡೂ ಕಡೆಯ ಹೆಣ್ಣುಗಳಿಗೆ ರೇಡಿಯೊ ಕಾಲರ್ ಹಾಕಿ ಬೆನ್ನು ಹತ್ತಿದರು. ಅವರು 1993ರಲ್ಲಿ ಪ್ರಕಟಿಸಿದ ಪ್ರಕಾರ ದ್ವೀಪದವು ಜಾಸ್ತಿ ಕಾಲ ಬದುಕುತ್ತಿದ್ದವು, ಒಂದು ಸೂಲಿಗೆ ಕಡಿಮೆ ಮರಿ ಹಾಕುತ್ತಿದ್ದವು. ಸುಮ್ನೆ ಕೊಲ್ಲುವವರಿಲ್ಲದ್ದಕ್ಕೆ ಬದುಕಿದವೇನೋ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೆ ಉತ್ತರ ಬಾಲದಲ್ಲಿದೆ. ಬಾಲದ ಸ್ನಾಯುರಜ್ಜುವಿನ (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರಿನ) ಎಳೆ ವಯಸ್ಸಾದಷ್ಟೂ ಬಿರುಸಾಗುತ್ತದೆ, ಎಷ್ಟು ಹೊತ್ತಿಗೆ ತುಂಡಾಗುತ್ತದೆ ಎಂದು ಅಳೆದು ಮುಪ್ಪಿನ ವೇಗ ತಿಳಿಯಬಹುದು. ದ್ವೀಪದ ಒಪೊಸಮ್‌ಗಳಲ್ಲಿ ಆ ಎಳೆಯೇ ನಿಧಾನವಾಗಿ ಮುದಿಯಾಗುತ್ತಿತ್ತು.

ಎರಡನೇ ಪ್ಯಾರಾ ಪೂರ್ತಿ ತೆಗೆಯಿರಿ. ಪಾರಿವಾಳದಿಂದ ಶುರು ಮಾಡಿ, ಅಲ್ಲಿಂದ ಸಪೆಲೊಗೆ ಬನ್ನಿ. ಶಾರ್ಕಿಗೆ “392 ವರ್ಷ” ಎಂದಷ್ಟೇ ಬರೆದಿದ್ದೀರಿ. 2016ರ ಆ ಅಧ್ಯಯನ ಕಣ್ಣಿನ ಮಸೂರದ ಕಾರ್ಬನ್ ನೋಡಿ ಹಾಕಿದ ಅಂದಾಜು, ಅದರಲ್ಲಿ ಹಿಂದೆ ಮುಂದೆ 120 ವರ್ಷ ಬಿಟ್ಟಿದ್ದಾರೆ. ಕಡಿಮೆಯೆಂದರೂ 272 ಎಂದು ಬರೆಯಿರಿ, ಕಣ್ಣಿನ ವಿಷಯವನ್ನೂ ಸೇರಿಸಿ. ಆನೆ ಮತ್ತು ಕ್ಯಾನ್ಸರ್ ಜೀನಿನ ಭಾಗ ಇಲ್ಲಿ ಬೇಡ, ಅದು ಬೇರೆಯದೇ ಲೇಖನ, ಅದನ್ನು ಆಮೇಲೆ ಕಳಿಸಿ. ಮುಂದಿನ ಸಂಚಿಕೆಯ ಪುಟ ಕಟ್ಟುವುದರೊಳಗೆ ಇದು ಬಂದರೆ ನಾನೇ ಕೂತು ಓದುತ್ತೇನೆ.